ಬಿಸಿ ಟೈರಿನ ಗಾಳಿ ತೆಗೀಬೇಡಿ

ರೀ,

ನನಗೆ ಬೆಳಗಿನ ಡ್ಯೂಟಿ, ಹೊರಟೆ. ನೀವೂ ಅತ್ತೆಯೂ ನಮ್ಮ ಮಲಗೋ ಟ್ರೈಲರನ್ನ ಕಾರಿಗೆ ಕಟ್ಟಿ ಎಳ್ಕೊಂಡು ಕೆರೆ ಹತ್ತಿರ ಹೋಗಿರಿ. ನಾನು ಸಂಜೆ ಬಸ್ಸಿಗೆ ಬರ್ತೀನಿ.

ಟ್ರೈಲರಿನ ಟೈರುಗಳಿಗೆಲ್ಲ ಗಾಳಿ ನಾನೇ ತುಂಬಿದ್ದೀನಿ. ನಂಬಿಕೆ ಇಲ್ಲದಿದ್ರೆ ಹೊರಡೋ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆದು ನೋಡಿ. ಕಾಲಲ್ಲಿ ಒದ್ದು ನೋಡೋದನ್ನ ಅಳತೆ ಅನ್ನಲ್ಲ.

ಓಡ್ತಾ ಓಡ್ತಾ ಟೈರು ಬಿಸಿಯಾಗಿ, ಗಾಳಿ ಎಷ್ಟಿದೆ ಅಂತ ಕಾರೊಳಗೆ ತೋರಿಸೋ ಪುಟ್ಟ ಪರದೆಯಲ್ಲಿ ಅಂಕಿ ಸ್ವಲ್ಪ ಏರುತ್ತೆ. ಏರಲಿ ಬಿಡಿ. ಹೋದ ಸಲದ ಹಾಗೆ ‘ಅಯ್ಯೋ ಪಾಪ, ಉಬ್ಬಿದೆ’ ಅಂತ ಬಿಸಿಲು ಬಿದ್ದ ಕಡೆಯ ಟೈರುಗಳ ಗಾಳಿ ತೆಗೆದು ಪುಣ್ಯ ಕಟ್ಕೋಬೇಡಿ. ಮಾರನೇ ಬೆಳಿಗ್ಗೆ ಟೈರು ತಣ್ಣಗಾಗಿ ಟ್ರೈಲರ್ ಆ ಕಡೆಗೆ ವಾಲಿತ್ತು. ಅತ್ತೆ ಪಾಪ, ತಮಗೇ ತಲೆಸುತ್ತು ಅಂದ್ಕೊಂಡು ಮಾತ್ರೆ ನುಂಗಿದ್ರು. ನೀವು ಬಾಯಿ ಬಿಡಲಿಲ್ಲ. ನಿಮ್ಮ ಮುಖ ನೋಡಿ ನಾನೂ ಸುಮ್ಮನಿದ್ದೆ. ಇನ್ನೊಂದು ಸಲ ಸುಮ್ಮನಿರಲ್ಲ.

ಆದ್ರೆ ಅಂಕಿ ಇಳಿದು ಪರದೆ ಕೂಗಿದ್ರೆ ಮಾತ್ರ, ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಆ ಪರದೇನ ಕಾರಲ್ಲಿ ನಾನು ಕೂರೋ ಸೀಟಿನ ಎದುರಿಗೇ ಅಂಟಿಸಿದ್ದೀನಿ. ಆ ಜಾಗದಿಂದ ಯಾರಾದ್ರೂ ನಿಮ್ಮನ್ನ ಕೂಗ್ತಾ ಇರಬೇಕಲ್ಲ! ‘ಹ್ಞೂಂ ಹ್ಞೂಂ, ಕೇಳಿಸ್ತು’ ಅಂತ ರೇಡಿಯೋ ಜೋರು ಮಾಡಬೇಡಿ.

ಸಂಜೆ ಬಸ್ಸಿಳಿದಾಗ ನೀವಿಬ್ಬರೂ ನನ್ನ ಕಣ್ಣೆದುರು ನಿಂತಿರಬೇಕು. ನಾನಾದ್ರೆ ಹೇಳಿದ್ದನ್ನೇ ನೂರು ಸಲ ಹೇಳ್ತೀನಿ. ಟೈರು ಒಂದೇ ಸಲ ಹೇಳೋದು.