ಇನ್ನೊಂದ್ಸಲ ಹೇಳು

ಬೋರ್ಡ್ ಬರೆಯುವ ಕೋಣೆ,
ಗುರುವಾರ, ಜೂನ್ ೧೨

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ ಇಬ್ಬರೂ ಚೆನ್ನಾಗಿದ್ದೀರಿ ತಾನೇ? ಹಿಟ್ಟಿನ ಚೀಲ ಎತ್ತಿ ಸೊಂಟ ಹಿಡಿದಿದೆ ಎಂದು ಬರೆದಿದ್ದೆ. ಬಿಸಿನೀರಿನ ಶಾಖ ಕೊಡು. ಕೆಲಸದವರು ಇರುವಾಗ ನೀನೇ ಎತ್ತುವ ಶೂರತನ ಬೇಡ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ಭಾನುವಾರ ಬೇಕರಿ ತೆರೆಯಬೇಕು, ಬೋರ್ಡ್ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಮೂರು ಸಲ ಫೋನ್ ಮಾಡಿದೆಯಲ್ಲ, ಆ ಬೋರ್ಡ್ ಮುಗಿದಿದೆ. ಎಂಟು ಅಡಿ ಉದ್ದ, ಹಳದಿಯ ಮೇಲೆ ಕೆಂಪು ಅಕ್ಷರ, ನೀನು ಹೇಳಿದ ಹಾಗೆಯೇ. ಗೋಣಿ ಸುತ್ತಿ ಲಾರಿಗೆ ಏರಿಸಿಯಾಗಿದೆ. ಈ ಪತ್ರವೂ ಡ್ರೈವರ್ ಕೈಯಲ್ಲೇ ಬರುತ್ತದೆ.

ಇನ್ನೊಂದು ಸಮಾಚಾರ. ಹೋದ ತಿಂಗಳು ಮೀಸೆಯಜ್ಜ ಬಂದಿದ್ದ, ನಮ್ಮ ಹಳೆಯ ಮನೆಯಿಂದ ಹನ್ನೊಂದನೇ ಬಾಗಿಲಿನ ಅಂಗಡಿಯವನು. ಅಂಗಡಿಯ ಗೋಡೆಗೆ ಸಾಮಾನುಗಳ ಪಟ್ಟಿ ಬರೆಸಬೇಕಿತ್ತು. ನನ್ನ ಗುರುತು ಅವನಿಗೆ ಹತ್ತಲಿಲ್ಲ. ನನಗೆ ಅವನ ಕೆಮ್ಮು ಕೇಳಿದ್ದೇ ಸಾಕಾಯಿತು.

ನಿನಗೆ ನೆನಪಿರಬೇಕು. ಒಂಬತ್ತು ವರ್ಷದವರೆಗೂ ನನಗೆ ‘ರ’ ಬರುತ್ತಿರಲಿಲ್ಲ, ‘ಲ’ ಬರುತ್ತಿತ್ತು. ಅಮ್ಮ ಅಂಗಡಿಗೆ ಕಳಿಸುತ್ತಿದ್ದುದು ನಿನ್ನನ್ನು. ನೀನು ಗೇಟಿನವರೆಗೆ ಬಂದು ಚೀಲವನ್ನು ನನ್ನ ಕೈಗೆ ತುರುಕುತ್ತಿದ್ದೆ: “ನೀನ್ ಹೋಗೇ, ನಾನು ಕಂಬದ ಹತ್ರ ಇರ್ತೀನಿ.” ಗೇಟಿನಿಂದ ಕಂಬದವರೆಗೆ ನಾನು ‘ರ, ರ, ರ’ ಅಂದುಕೊಂಡೇ ನಡೆಯುತ್ತಿದ್ದೆ. ತಕ್ಕಡಿಯ ಮುಂದೆ ನಿಂತರೆ ನಾಲಿಗೆ ಕೈಕೊಡುತ್ತಿತ್ತು. “ಸಕ್ಕಲೆ ಕೊಡಿ.” ಅಜ್ಜ ಕಿವಿಗೆ ಕೈ ಹಿಡಿದು, “ಏನಂದೆ? ಇನ್ನೊಂದ್ಸಲ ಹೇಳು ಮರಿ” ಎನ್ನುತ್ತಿದ್ದ. ಬೆಂಚಿನ ಮೇಲೆ ಕೂತ ಗಿರಾಕಿಗಳು ಹೊಟ್ಟೆ ಹಿಡಿದು ನಗುತ್ತಿದ್ದರು. ಮೂರು ಸಲ ಹೇಳಿಸದೆ ಅವನು ಡಬ್ಬದ ಮುಚ್ಚಳ ತೆಗೆದವನಲ್ಲ. ಒಮ್ಮೆ ಖಾಲಿ ಡಬ್ಬ ಒಯ್ದು ಬೆರಳು ತೋರಿಸಿದೆ. “ಬಾಯಿ ಇಲ್ವಾ?” ಎಂದ. ತಿಂಗಳೊಳಗೆ ಇಡೀ ಬೀದಿಗೆ ನಾನು ಸಕ್ಕಲೆ. ಕಣ್ಣೊರೆಸಿಕೊಂಡು ಬಂದರೆ ನೀನು ಕಂಬಕ್ಕೆ ಒರಗಿ, ಕೆನ್ನೆಯಲ್ಲಿ ಪೆಪ್ಪರಮಿಂಟ್ ಉಬ್ಬಿಸಿಕೊಂಡು ನಿಂತಿರುತ್ತಿದ್ದೆ. ಅದೆಲ್ಲಿಂದ ಬಂತೆಂದು ನಾನು ಒಂದು ದಿನವೂ ಕೇಳಲಿಲ್ಲ.

ಬಾಯಿಗೆ ಬಾರದ ಅಕ್ಷರವನ್ನು ಕೈಯಿಂದ ಕಲಿತೆ. ಇಂದಿಗೂ ಯಾವ ಬೋರ್ಡಿಗಾದರೂ ದಾರ ಕಟ್ಟಿ ಗೆರೆ ಹೊಡೆದ ಮೇಲೆ ಮೊದಲು ಅದರಲ್ಲಿರುವ ‘ರ’ಗಳನ್ನೆಲ್ಲ ಬರೆಯುತ್ತೇನೆ. ಉಳಿದ ಅಕ್ಷರಗಳಿಗೆ ಆಮೇಲೆ ಜಾಗ. ಇಪ್ಪತ್ತು ವರ್ಷದಲ್ಲಿ ಒಂದು ‘ರ’ವೂ ತಪ್ಪಿಲ್ಲ. ಮೀಸೆಯಜ್ಜನ ಗೋಡೆಯ ಮೇಲೆ ಮಾತ್ರ ಒಂದನ್ನೂ ಬರೆಯಲಿಲ್ಲ. ಸಕ್ಕಲೆ, ಈಲುಳ್ಳಿ, ಪೊಲಕೆ, ದಾಲ. ಅಕ್ಷರ ಒಂದೊಂದೂ ಮುತ್ತಿನಂತಿತ್ತು. ಅವನ ಕಣ್ಣು ಮಂಜಾಗಿದೆ. ಮಾರನೆಯ ದಿನ ಗಿರಾಕಿಗಳು ನಕ್ಕಾಗಲೇ ತಿಳಿದದ್ದು. ಓಡೋಡಿ ಬಂದ. “ಏನಮ್ಮಾ ಇದು, ಸಕ್ಕಲೆ ಅಂತ ಬರ್ದಿದೀಯ!” ನಾನು ಕುಂಚ ಕೆಳಗಿಟ್ಟು ಕಿವಿಗೆ ಕೈ ಹಿಡಿದೆ. “ಏನಂದ್ರಿ? ಇನ್ನೊಂದ್ಸಲ ಹೇಳಿ.” ಹೇಳಿದ. ಇನ್ನೊಮ್ಮೆ ಕೇಳಿದೆ. ಮೂರನೇ ಸಲಕ್ಕೆ ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಗುರುತು ಹತ್ತಿತು. ಸುಳ್ಳೇಕೆ ಹೇಳಲಿ ಅಣ್ಣಾ, ಅವತ್ತು ಎರಡು ತಟ್ಟೆ ಊಟ ಮಾಡಿದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಒಲೆ ಹದವಾಗಿ ಉರಿಯಲಿ, ಬ್ರೆಡ್ ಚೆನ್ನಾಗಿ ಉಬ್ಬಲಿ.

ನಿನ್ನ ತಂಗಿ,
ಸಕ್ಕಲೆ

ಮರೆತಿದ್ದೆ: ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ಹೋಗುವಾಗ ಅಜ್ಜ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ: “ನನ್ ಮೇಲ್ಯಾಕಮ್ಮಾ ಸಿಟ್ಟು? ಅವಳ ಕೈಲಿ ಹೇಳ್ಸಿ ನೋಡಿ, ಮಜಾ ಇರುತ್ತೆ ಅಂತ ಹೇಳ್ಕೊಟ್ಟೋನು ನಿಮ್ಮಣ್ಣ. ಹೇಳ್ಸಿದ ಒಂದೊಂದ್ಸಲಕ್ಕೂ ಒಂದು ಪೆಪ್ಪರಮಿಂಟ್ ಇಸ್ಕೊಳ್ತಿದ್ದ.” ಗೋಣಿ ಬಿಚ್ಚುವಾಗ ಪಕ್ಕದಲ್ಲಿ ಯಾರೂ ಇರದ ಹಾಗೆ ನೋಡಿಕೋ. ಬೋರ್ಡಿನಲ್ಲಿ ‘ಪಲಿಮಳ ಬೇಕಲಿ’ ಎಂದಿದೆ, ಕೆಳಗೆ ಸಣ್ಣದಾಗಿ ‘ಲುಚಿಯಾದ ಬ್ಲೆಡ್’. ಸರಿಯಾದ ಬೋರ್ಡನ್ನೂ ಬರೆದಿಟ್ಟಿದ್ದೇನೆ, ಇಲ್ಲೇ ಗೋಡೆಗೆ ಒರಗಿದೆ. ಲಾರಿಗೆ ಕೊಡುವುದಿಲ್ಲ, ನಿನ್ನ ಕೆಲಸದವರು ಬಂದರೂ ಕೊಡುವುದಿಲ್ಲ. ಈ ಸಲ ಅಂಗಡಿಗೆ ಹೋಗುವ ಸರದಿ ನಿನ್ನದು. ಶನಿವಾರ ಒಂಬತ್ತಕ್ಕೆ ಬಾಗಿಲು ತೆರೆಯುತ್ತೇನೆ, ಗಿರಾಕಿಗಳಿಗೆ ಬೆಂಚೂ ಹಾಕಿಸಿದ್ದೇನೆ. ಬಂದು, ನಿನಗೆ ಕಳಿಸಿದ ಬೋರ್ಡಿನಲ್ಲಿ ಏನು ಬರೆದಿದೆಯೋ ಅದನ್ನೇ ಬಾಯಿಬಿಟ್ಟು ಕೇಳು. ನನಗೆ ಈಚೆಗೆ ಕಿವಿ ಸ್ವಲ್ಪ ಮಂದ.