ನಲವತ್ತೇಳು ತುಂಡಿನ ಕೌದಿ

ಹತ್ತಿಕುಣಿ
11 ಜನವರಿ 2025

ಪ್ರೀತಿಯ ಯಶೋಧರಕ್ಕ,

ಜೈಭೀಮ್. ಸುರಪುರದಲ್ಲಿ ನೀನೂ ಕೂಸೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು, ಅವ್ವನ ಕೌದಿ ಎಲ್ಲಿ ಎಂದು ನೀನು ಫೋನಿನಲ್ಲಿ ಕೇಳಿದಾಗ ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ನಮ್ಮೆಲ್ಲರ ಹಳೆಯ ಬಟ್ಟೆಗಳಿಂದ ನಲವತ್ತೆಂಟು ಚೌಕ ಕತ್ತರಿಸಿ ಗಂಟು ಕಟ್ಟಿದ್ದಳು. ಆರು ಸಾಲು, ಸಾಲಿಗೆ ಎಂಟು. ಹೊಲಿಯಲು ಬಿಚ್ಚಿದರೆ ನಲವತ್ತೇಳೇ ಇದ್ದವು. ಆಗಲೇ ಅವಳಿಗೆ ಜ್ವರ ಏರಿತ್ತು. ಹಾಸಿಗೆಯ ಮೇಲೇ ಹರವಿ ಹರವಿ ನೋಡಿದಳು. ಎರಡು ಸಾಲು ಮಾಡಿದರೆ ಒಂದು ಉಳಿಯಿತು. ಮೂರು ಮಾಡಿದರೆ ಎರಡು, ನಾಲ್ಕು ಮಾಡಿದರೆ ಮೂರು. ಇದೆಂಥಾ ಲೆಕ್ಕವಾ, ನಿಮ್ಮಪ್ಪನಂಗ ಹಟಮಾರಿ ಅದ, ಐದನೇ ಇಯತ್ತಾ ಕಲ್ತಾಕಿ ನೀನರ ಹೇಳು ಎಂದು ನಕ್ಕಳು.

ನನಗೆ ಗೊತ್ತಿತ್ತು. ನನ್ನನ್ನು ಶಾಲೆ ಬಿಡಿಸುವ ಹಿಂದಿನ ವಾರ ಈಶಪ್ಪ ಮಾಸ್ತರು ಹುಣಸೆ ಬೀಜ ಜೋಡಿಸಿ ಕಲಿಸಿದ್ದರು. ನಲವತ್ತೆಂಟು ಭಾಜ್ಯ ಸಂಖ್ಯೆ. ಎರಡು, ಮೂರು, ನಾಲ್ಕು, ಆರು, ಎಂಟು, ಎಷ್ಟೊಂದು ಅಪವರ್ತನಗಳು ಅದಕ್ಕೆ. ನಲವತ್ತೇಳಕ್ಕೆ ಒಂದು ಮತ್ತು ತಾನು, ಎರಡೇ. ಅವಿಭಾಜ್ಯ. ಒಂದೇ ಉದ್ದ ಸಾಲಿನಲ್ಲಿ ಮಾತ್ರ ಕೂರುತ್ತದೆ, ಸೀರೆಯ ಅಂಚಿನ ಹಾಗೆ. ಅದನ್ನು ಯಾವ ಕೂಸಿಗೆ ಹೊದಿಸುವುದು?

ಎರಡು ತುಂಡು ತೆಗೆದರೆ ನಲವತ್ತೈದು, ಐದು ಸಾಲಿಗೆ ಒಂಬತ್ತೊಂಬತ್ತು ಬರುತ್ತದೆ ಎಂದೆ. ಯಾರ್ದು ತೆಗೀಲಿ, ನಿಮ್ಮಜ್ಜೀದಾ, ನಿಮ್ಮಪ್ಪಂದಾ ಎಂದು ಬೈದಳು. ಹೊಸದೊಂದು ಕತ್ತರಿಸೋಣ ಎಂದರೂ ಒಪ್ಪಲಿಲ್ಲ. ಎಣಿಸಿ ಗಂಟು ಕಟ್ಟಿದ ಮೇಲೆ ಕೂಸಿನ ಕೌದಿಗೆ ಮತ್ತೆ ಕತ್ತರಿ ಮುಟ್ಟಿಸಬಾರದು, ನಮ್ಮ ಮನೆಯಲ್ಲಿ ಮೊದಲಿಂದಲೂ ಹಾಗೆಯೇ, ನಿನಗೂ ಗೊತ್ತು.

ಕೊನೆಯ ದಿನವೂ ಬೆರಳು ಮಡಚಿ ಎಣಿಸುತ್ತಿದ್ದಳು. ನನ್ನ ತಲಿನೇ ಕೆಟ್ಟದ, ಎಣಿಕಿ ಮರ್ತೀನಿ ಅಂದಳು. ನಾನು ಗಂಜಿ ಕುಡಿಸಿದೆ. ಅಷ್ಟೇ ಮಾಡಿದ್ದು ನಾನು.

ಈಗ ನಾನೇ ಹೊಲಿದು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಆರು ಸಾಲು. ಹೊಲಿಗೆ ಅವ್ವನಷ್ಟು ನೇರ ಇಲ್ಲ. ಕೊನೆಯ ಮೂಲೆಯಲ್ಲಿ ಒಂದು ಚೌಕ ಖಾಲಿ ಬಿಟ್ಟಿದ್ದೇನೆ, ಬೈಯಬೇಡ.

ನಿನ್ನ ತಂಗಿ
ಸಂಘಮಿತ್ರಾ

ಹೆಸರು ಬರೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೌದಿಯ ಮಡಿಕೆಯಲ್ಲಿ ಒಂದು ನೀಲಿ ತುಂಡು ಇದೆ. ಅವ್ವ ನನ್ನನ್ನು ಕೇಳದೆ ನನ್ನ ಶಾಲೆಯ ಲಂಗ ಕತ್ತರಿಸಿದ್ದಳು. ಜೇಬಿದ್ದ ತುಂಡನ್ನು ಗಂಟು ಬಿಚ್ಚಿ ನಾನೇ ತೆಗೆದಿಟ್ಟುಕೊಂಡಿದ್ದೆ. ಅವ್ವ ಸರಿಯಾಗಿಯೇ ಎಣಿಸಿದ್ದಳು ಅಕ್ಕ. ಆ ಮೂಲೆಯನ್ನು ನೀನು ಹೊಲಿ, ನನ್ನ ಕೈ ಬರುತ್ತಿಲ್ಲ.