ಹಳೇ ಬಾವಿಯ ಬೆಂಡು

ಮಾರ್ಚ್ ೧೬, ಸೋಮವಾರ, ಸಂಜೆ

...ಅದೇ, ಕರ್ನೆಲ್ ವಿಷಯ. ಕಂಪ್ಯೂಟರಿನ ಎಂಜಿನ್ ಅನ್ನೋಣ. ಊರಿಗೆಲ್ಲ ನೀರು ಬಿಡುವ ನಮ್ಮ ಪಂಪ್‌ಹೌಸಿನ ಮೆಷಿನ್ನಿನಲ್ಲಿ ಅದಕ್ಕೊಂದು ತೂತು ಬಿದ್ದಿದೆಯಂತೆ. ಯಾರೋ ಹೊರಗಿನವರು ನುಗ್ಗಿ ವಾಲ್ವ್ ತಿರುಗಿಸಬಹುದು. ಮುಚ್ಚಲೇಬೇಕು. ಮೆಷಿನ್ ನಿಲ್ಲಿಸಿ ಮುಚ್ಚಿದರೆ ವಾಲ್ವೆಲ್ಲ ತಾನಾಗಿ ಬಂದ್. ಗುಡ್ಡದ ಮೇಲಿನ ಟ್ಯಾಂಕ್ ಖಾಲಿಯಾದರೆ ಮತ್ತೆ ತುಂಬಲು ಒಂದು ದಿನ ಬೇಕು. ಆಸ್ಪತ್ರೆಗೆ ಅದೇ ನೀರು. ಮುಚ್ಚುವುದಕ್ಕೆ ಸಿದ್ಧತೆ ಮುಗಿಯುವುದೇ ಗುರುವಾರ. ಶುಕ್ರವಾರ ಅಲ್ಲಿ ಅಕ್ಕನ ಡಯಾಲಿಸಿಸ್. ಹಿಂದೊಮ್ಮೆ ನೀರಿಲ್ಲದೆ ತಪ್ಪಿ, ಕಾಲೆಲ್ಲ ಊದಿ, ಉಸಿರಿಗೇ ಒದ್ದಾಡಿದಳು.

ಅದಕ್ಕೇ ಇಂಜಿನಿಯರಮ್ಮ ಅನ್ನುವುದು, "ಓಡ್ತಿರುವಾಗ್ಲೇ ತೇಪೆ ಹಾಕೋಣ ಸಾರ್." ಲೈವ್ ಪ್ಯಾಚ್. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು—ಎ ಸ್ಟಿಚ್ ಇನ್ ಟೈಮ್ ಸೇವ್ಸ್... ಎಷ್ಟೋ. ಸೆವೆನ್? ಇರಲಿ.

ಅಕ್ಕನಿಗೆ ವಿವರಿಸಿದೆ. "ಉಟ್ಟ ಬಟ್ಟೇನ ಉಟ್ಟ ಹಾಗೇ ಹೊಲಿಯೋದು ತಾನೆ? ಇದಕ್ಕೆ ಇಷ್ಟೆಲ್ಲ ಓದು ಬೇಕಾಯ್ತೇನೋ? ಸೂಜಿ ಚುಚ್ಚದ ಹಾಗೆ ನೋಡ್ಕೊಳ್ಳಿ."

ಮಾರ್ಚ್ ೧೯, ಗುರುವಾರ, ಮಧ್ಯಾಹ್ನ

ಎರಡು ದಿನ ಬರೆಯಲಿಲ್ಲ. ಬೇರೆ ಮೆಷಿನ್ ಮೇಲೆ ಪರೀಕ್ಷೆ. ಇವತ್ತು ನಮ್ಮದಕ್ಕೆ ತೇಪೆ ಬಿತ್ತು. ಪೂರ್ತಿ ಅಲ್ಲ.

ಹಳೇ ದಾರಿಯ ಬಾಯಲ್ಲಿ ಬೋರ್ಡು ನೆಟ್ಟ ಹಾಗೆ—"ಹೊಸ ದಾರಿ ಈ ಕಡೆ". ಒಳಗೆ ನಡೆಯುವ ಕೆಲಸಗಳಿಗೆ ಪ್ರಾಸೆಸ್ ಅಂತಾರೆ. ಒಂದೊಂದಾಗಿ ದಾಟಿದವು. ಒಂದು ಮಾತ್ರ ಹಳೇ ದಾರಿ ಮಧ್ಯದಲ್ಲೇ ಮಲಗಿದೆ. ಅದು ದಾಟದೆ ತೂತು ಮುಚ್ಚಿದ ಲೆಕ್ಕವಿಲ್ಲ.

"ಯಾರದಮ್ಮ ಅದು?"

"ನಿಮ್ದೇ ಸಾರ್. ಹಳೇ ಬಾವಿ ಮಟ್ಟ ಓದೋಕೆ ನೀವು ಬರೆದಿದ್ರಲ್ಲ, ಅದು. ಅಲ್ಲಿಂದ ಅಳತೆ ಬರಲಿ ಅಂತ ಇನ್ನೂ ಕಾಯ್ತಿದೆ."

ಆ ಬಾವಿ ಬಿಟ್ಟು ವರ್ಷಗಳಾದವು. "ಎಬ್ಬಿಸಮ್ಮ."

"ಕೂಗಿದ್ರೂ ಏಳಲ್ಲ. ಕೊಲ್ಲೋಣ ಅಂದ್ರೂ ಎಚ್ಚರ ಆಗದೆ ಸಾಯಲ್ಲ. ಯಾರ ಹಾಗೆ ಜಿಗುಟು ಅಂತ ನಾನು ಹೇಳಲ್ಲ."

ಕತ್ತಲಾಗುವವರೆಗೆ ನೋಡಿ, ಆಗದಿದ್ದರೆ ಮೆಷಿನ್ ನಿಲ್ಲಿಸಿ ಅಂತ ಮೇಲಿನವರ ಆರ್ಡರ್. ಆಮೇಲೆ ಅವಳೇ ಕೇಳಿದಳು, "ಆ ಬಾವೀಲಿ ನೀರಿನ ಮಟ್ಟ ತೋರಿಸೋಕೆ ತೇಲಿಬಿಟ್ಟ ಬೆಂಡನ್ನ ಯಾರಾದ್ರೂ ಒಂಚೂರು ಅಲ್ಲಾಡಿಸಿದ್ರೆ?"

ಅದೇ ದಿನ, ಸಂಜೆ, ಬಾವಿಕಟ್ಟೆ

ಬತ್ತಿದೆ. ಬೆಂಡು ತಳ ಹಿಡಿದಿದೆ. ಅದರ ತಂತಿ ಮೇಲಿನ ಗಾಲಿಗೆ ಸುತ್ತಿ ಹಾಗೇ ಇದೆ. ಗಾಲಿ ತಿರುಗಿದರೆ ಅಳತೆ ಹೋಗುತ್ತೆ. ಪಕ್ಕದಲ್ಲಿ ನಾವಿದ್ದ ಕ್ವಾರ್ಟರ್ಸು, ಈಗ ಪೈಪಿನ ಗೋದಾಮು.

ಗಾಲಿ ಕಚ್ಚಿಕೊಂಡಾಗೆಲ್ಲ ನಾನು ಸ್ಪ್ಯಾನರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಇವಳು, ನನ್ನ ಹೆಂಡತಿ, ಬಟ್ಟೆ ಒಣಹಾಕುವ ಕೋಲಿನಿಂದ ತಂತಿ ಎತ್ತಿ ಬಿಡುವಳು. "ನೋಡಿ, ಮಾತಾಡ್ತು ನಿಮ್ಮ ಬಾವಿ." ಇವಳು ಹೋದ ಮೇಲೂ ಕೋಲು ಎಸೆದಿಲ್ಲ. ಅದನ್ನೇ ತಂದೆ. ಬಸ್ಸಿನಲ್ಲಿ ಕಂಡಕ್ಟರ್, "ಯಾರಿಗೆ ಹೊಡೆಯೋಕೆ ಯಜಮಾನ್ರೇ?"

ಎತ್ತಿದೆ. ಜಗ್ಗಲಿಲ್ಲ. ಕೋಲು ಬಾಗಿತು, ಮುರಿದೀತು ಅಂತ ಬಿಟ್ಟೆ. ಉಸಿರು ತಗೊಂಡು ಮತ್ತೆ. ಕಿರ್ರ್ ಅಂತು ಗಾಲಿ. ಕೆಳಗೆಲ್ಲೋ ಬೆಂಡು ದಡ್ ಅಂತು.

ಇಂಜಿನಿಯರಮ್ಮನ ಫೋನು ಇನ್ನೂ ಬಂದಿಲ್ಲ. ಸುಮ್ಮನೆ ಕೂತರೆ ಕೆಟ್ಟದ್ದೇ ತಲೆಗೆ ಬರುತ್ತೆ, ಅದಕ್ಕೆ ಬರೆಯುತ್ತ ಕೂತೆ...

ಬಂತು. "ದಾಟ್ತು ಸಾರ್! ಎದ್ದು, ಅಳತೆ ಓದಿ, ಹೊಸ ದಾರೀಲಿ ಮತ್ತೆ ಮಲ್ಕೊಂಡಿದೆ." ಒಂದು ವಾಲ್ವೂ ಕದಲಿಲ್ಲವಂತೆ.

ಅಕ್ಕನಿಗೆ ಫೋನ್ ಮಾಡಿದೆ. "ಅಂದ್ರೆ ನಾಳೆ ನನಗೆ ಸೂಜಿ ತಪ್ಪಲಿಲ್ಲ ಅನ್ನು," ಅಂದಳು. ನಕ್ಕಳು. ಮಾತು ಮಾತಿಗೂ ಏದುಸಿರು, ಆದರೂ ನಕ್ಕಳು.

ಇಂಜಿನಿಯರಮ್ಮ ಇನ್ನೊಂದು ಮಾತು ಕೇಳಿದ್ದಳು. "ಬತ್ತಿದ ಬಾವಿ ತಾನೆ ಸಾರ್, ನಿಮ್ಮ ಈ ಪ್ರಾಸೆಸನ್ನೇ ತೆಗೆದುಬಿಡ್ಲಾ? ಮುಂದಿನ ತೇಪೆಗೆ ಮತ್ತೆ ಅಡ್ಡ ಮಲಗುತ್ತೆ. ನಿಮ್ಮನ್ನ ಕೇಳದೆ ಬೇಡ ಅಂತ ಬಿಟ್ಟೆ. ಇನ್ನೊಂದ್ಸಲ ನೀವು ಎಬ್ಬಿಸಿದ್ರೆ, ಎದ್ದದ್ದೇ ಹೋಗಿಬಿಡುತ್ತೆ."

ನ್ಯಾಯವೇ. ಆಗಲಿ ಅಂದೆ. ಐದು ನಿಮಿಷ ಕೊಡಮ್ಮ ಅಂದೆ. ಆಮೇಲೆ ಈ ಬಾವಿ ಮಾತಾಡಿದರೂ ಕೇಳುವವರಿಲ್ಲ. ಕೊನೇ ಸಲ ತಂತಿ ಎತ್ತುತ್ತೇನೆ. ಇದಿಷ್ಟು ಬರೆದು... ಅಕ್ಷರ ಕಾಣ್ತಿಲ್ಲ, ಬೆಳಕು ಹೋಗ್ತಾ ಇದೆ. ಕೋಲು ಎಲ್ಲಿಟ್ಟೆ—